ಮುದುಕಿಯ ಹೆಸರಿಗೆ ಒಂದು ಜಾಗ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾವು ಭೂಮಿಯ ಬಗ್ಗೆ ಮಾತಾಡಿದ್ದೇವೆ. ಕುಡಿಯುವ ನೀರಿನ ಬಗ್ಗೆ, ಹೋಟೆಲಿನಲ್ಲಿ ಬೇರೆ ಇಡುವ ಲೋಟದ ಬಗ್ಗೆ ಮಾತಾಡಿದ್ದೇವೆ. ಇವತ್ತು ನಮ್ಮ ಕೇರಿಯ ಮುದುಕಿಯರ ಬಗ್ಗೆ ಮಾತಾಡಬೇಕು. ಯಾಕಂದ್ರೆ ಅವರು ಸದ್ದಿಲ್ಲದೆ ಬೀದಿಗೆ ಬೀಳುತ್ತಿದ್ದಾರೆ.

ತೊಗರಿ ರಾಶಿ ಮುಗಿದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮ್ಮ ಕೇರಿಗಳಿಗೆ ಹೋಗಿ ನೋಡ್ರಿ. ಸಾಲು ಸಾಲು ಮನೆಗೆ ಕೀಲಿ ಬಿದ್ದಿರುತ್ತದೆ. ಮಕ್ಕಳು, ಸೊಸೆಯಂದಿರು ಮುಂಬೈ, ಪುಣೆ, ಹೈದರಾಬಾದು, ಬೆಂಗಳೂರಿಗೆ ದುಡಿಯಾಕ ಹೋಗ್ಯಾರ. ಕಟ್ಟೆಯ ಮೇಲೆ ಮುದುಕಿ ಒಬ್ಬಳೇ ಕೂತಿರುತ್ತಾಳೆ. "ಆಯಿ, ಈ ಮನಿ ಯಾರದು?" ಅಂತ ಕೇಳಿದ್ರೆ, "ಮಾವಂದು ಇತ್ತು ಯಪ್ಪಾ, ಈಗ ಮೈದುನನ ಮಕ್ಕಳದು" ಅಂತಾಳ. ನಲವತ್ತು ವರ್ಷ ಆ ಗೋಡೆಗೆ ಸಗಣಿ ಬಳಿದಾಕಿ, ಮಳೆಗಾಲ ಬಂದಾಗೊಮ್ಮೆ ಮಾಳಿಗೆಗೆ ಮಣ್ಣು ಹೊತ್ತಾಕಿ ಅವಳು. ಮನೆಯೊಳಗೆ ಇದ್ದಾಳೆ, ಕಾಗದದಲ್ಲಿ ಇಲ್ಲ.

ಕಾಗದದಲ್ಲಿ ಇಲ್ಲದವಳನ್ನು ಹೊರಗೆ ಹಾಕಲು ಒಂದು ಮಾತು ಸಾಕು. ಮೊದಲು ಮಗಳ ಮನೆ, ಅಲ್ಲಿ ಅಳಿಯನ ಮುಖ ಕೆಟ್ಟರೆ ತಂಗಿಯ ಮನೆ, ಆಮೇಲೆ ಗುಡಿ. ಗಾಣಗಾಪುರದಲ್ಲಿ, ಘತ್ತರಗಿಯಲ್ಲಿ ಗುಡಿಯ ಮುಂದೆ ಸೆರಗೊಡ್ಡಿ ಕೂತ ಮುದುಕಿಯರನ್ನು ಕಂಡು ನಾವು ಭಕ್ತರು ಅಂದುಕೊಂಡು ಮುಂದೆ ಹೋಗುತ್ತೇವೆ. ರಾತ್ರಿ ಎಲ್ಲಿ ಮಲಗ್ತೀಯವ್ವ ಅಂತ ಯಾರೂ ಕೇಳುವುದಿಲ್ಲ.

2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಭೀಮಾ ನದಿ ಉಕ್ಕಿತು. ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಬಿದ್ದ ಮನೆಯ ಲೆಕ್ಕಕ್ಕೆ ಬಂದವರು ಮನೆ ಯಾರ ಹೆಸರಿಗಿದೆ ಅಂತ ಕೇಳುತ್ತಾರೆ. ಹೊಳೆ ಕಾಗದ ನೋಡಿ ನುಗ್ಗುವುದಿಲ್ಲ. ಪರಿಹಾರ ಮಾತ್ರ ಕಾಗದ ನೋಡಿ ಬರುತ್ತದೆ.

ಸರ್ಕಾರದ ಯೋಜನೆಗಳು ಇಲ್ಲ ಅಂತಲ್ಲ. 1985ರಲ್ಲಿ ಇಂದಿರಾ ಆವಾಸ್ ಬಂತು. 2016ರಲ್ಲಿ ಅದರ ಜಾಗಕ್ಕೆ ಪ್ರಧಾನಮಂತ್ರಿ ಆವಾಸ್ ಬಂದು, ಬಯಲು ಪ್ರದೇಶದ ಒಂದು ಮನೆಗೆ 1,20,000 ರೂಪಾಯಿ ಅಂತ ಗೊತ್ತುಮಾಡಿತು. ರಾಜ್ಯದಲ್ಲಿ ಬಸವ ವಸತಿ ಇದೆ, ಅಂಬೇಡ್ಕರ್ ನಿವಾಸ ಇದೆ. ಆದರೆ ಮನೆ ಕಟ್ಟಲು ಮೊದಲು ಜಾಗ ಬೇಕು. ಹಣವೂ ಒಮ್ಮೆಗೆ ಕೈಗೆ ಬರುವುದಿಲ್ಲ. ಬುನಾದಿ, ಗೋಡೆ, ಛಾವಣಿ ಒಂದೊಂದೇ ಎದ್ದು, ಫೋಟೋ ಹೋದ ಮೇಲೆ ಮುಂದಿನ ಕಂತು. ಸಂಧ್ಯಾ ಸುರಕ್ಷಾ ಪಿಂಚಣಿ 2021ರಲ್ಲಿ ತಿಂಗಳಿಗೆ 1,200 ರೂಪಾಯಿ ಆಯಿತು. ಅದರಲ್ಲಿ ಮುದುಕಿ ಜೋಳ ತರಬೇಕೋ, ಗುಳಿಗೆ ತರಬೇಕೋ, ಸಿಮೆಂಟು ತರಬೇಕೋ?

ನಮ್ಮಲ್ಲಿ ಇನ್ನೂ ಒಂಟಿಯಾದವರು ಇದ್ದಾರೆ. ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರು. 1982ರ ಕಾಯ್ದೆ ದೇವದಾಸಿ ಬಿಡುವುದನ್ನು ಅಪರಾಧ ಅಂದಿತು. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ರಾಜ್ಯದಾದ್ಯಂತ 46,660 ತಾಯಂದಿರ ಹೆಸರು ಬರೆದುಕೊಂಡರು. ಆ ಪಟ್ಟಿಯಿಂದ ತಪ್ಪಿಹೋದಾಕಿ ಅರ್ಜಿ ಹಿಡಿದು ನಿಂತರೆ 'ಗಂಡನ ಹೆಸರು' ಎಂಬ ಕಲಮಿನ ಹತ್ತಿರ ಪೆನ್ನು ನಿಲ್ಲುತ್ತದೆ.

ಹಾಗಾದರೆ ಕಾಗದ ಸಿಗುವುದೇ ಇಲ್ಲವೇ? ಸಿಗುತ್ತದೆ. 2023ರ ಜನವರಿ 19ರಂದು ನಮ್ಮದೇ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ದಾಖಲೆಯಲ್ಲೇ ಇಲ್ಲದ ತಾಂಡಾಗಳನ್ನು ಕಂದಾಯ ಗ್ರಾಮ ಮಾಡಿ ಕೊಟ್ಟ ಪತ್ರ ಅದು. ಇಡೀ ತಾಂಡಾಕ್ಕೆ ಕಾಗದ ಆಗುವುದಾದರೆ ಒಬ್ಬ ಮುದುಕಿಗೆ ಯಾಕೆ ಆಗಬಾರದು?

ಓದು ಕಲಿತ ನಾವು ಮಾಡಬಹುದಾದ ಕೆಲಸ ಇಷ್ಟು.

ಒಂದು, ರಜೆಗೆ ಊರಿಗೆ ಹೋದಾಗ ನಿಮ್ಮ ಓಣಿಯಲ್ಲಿ ಅರವತ್ತು ದಾಟಿದ ಒಂಟಿ ಹೆಂಗಸರ ಪಟ್ಟಿ ಬರೆಯಿರಿ. ಇರುವ ಮನೆ ಯಾರ ಖಾತೆಯಲ್ಲಿದೆ, ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪುಸ್ತಕ ಇವೆಯೋ ಇಲ್ಲವೋ ಎಲ್ಲ ಬರೆಯಿರಿ.

ಎರಡು, ಮನೆ ಯಾರಿಗೆ ಅಂತ ಆರಿಸುವುದು ಗ್ರಾಮಸಭೆಯಲ್ಲಿ. ಮುದುಕಿಯನ್ನು ಕರಕೊಂಡು ಹೋಗಿ, ಆಕೆಯ ಹೆಸರನ್ನು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿರಿ. ಅರ್ಜಿ ಎರಡು ಪ್ರತಿ ಇರಲಿ. ಒಂದರ ಮೇಲೆ ಸಹಿ, ಸಿಕ್ಕೆ ಹಾಕಿಸಿಕೊಳ್ಳದೆ ಪಂಚಾಯ್ತಿ ಬಾಗಿಲು ದಾಟಬೇಡಿ.

ಮೂರು, ಕಾನೂನು ಓದಿ ಹೇಳಿರಿ. 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡ ಮೃತ್ಯುಪತ್ರ ಬರೆಯದೆ ಸತ್ತರೆ ಅವನ ಆಸ್ತಿಯಲ್ಲಿ ಹೆಂಡತಿಗೆ ಮಕ್ಕಳ ಸಮಕ್ಕೆ ಪಾಲು. ಮಗ ಹಾಗೆ ಸತ್ತರೆ ಅವನ ಆಸ್ತಿಯಲ್ಲೂ ತಾಯಿಗೆ ಪಾಲುಂಟು. ಬೌದ್ಧರಾದವರಿಗೂ ಇದೇ ಕಾಯ್ದೆ.

ನಾಲ್ಕು, ಮಗನಿಗೋ ಮೊಮ್ಮಗನಿಗೋ ಮನೆ ಬರೆದುಕೊಡುವ ಮುದುಕಿ ಇದ್ದರೆ, 'ಸಾಯುವ ತನಕ ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿರಿ. ಆಮೇಲೆ ಕೈಬಿಟ್ಟರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆ ಪತ್ರ ರದ್ದು ಮಾಡಿಸಬಹುದು. ದೂರು ಕೊಡಬೇಕಾದ್ದು ಎ.ಸಿ. ಸಾಹೇಬರ ಮುಂದೆ.

ಐದು, ಮನೆ ಮಂಜೂರಾದರೆ ಬುನಾದಿ ನಾವೇ ತೋಡೋಣ. ನಾಲ್ಕು ಹುಡುಗರು ನಾಲ್ಕು ದಿನ ಗುದ್ದಲಿ ಹಿಡಿದರೆ ಆಕೆಯ ಕೂಲಿಯ ಖರ್ಚು ಉಳಿಯುತ್ತದೆ, ಕಂತಿನ ದಾರಿಯೂ ತೆರೆಯುತ್ತದೆ.

ಈಗ ಒಂದು ಕಹಿ ಮಾತು. "ಮುದುಕಿಗೆ ಇನ್ನೆಷ್ಟು ದಿನ? ಮನೆ ಮಗನ ಹೆಸರಿಗೇ ಆಗಲಿ ಬಿಡು" ಅನ್ನುವವರು ಸಿಗುತ್ತಾರೆ. ಇದು ಗೌಡರ ವಾಡೆಯಿಂದ ಬಂದ ಮಾತಲ್ಲ, ನಮ್ಮ ಅಡುಗೆಮನೆಯಿಂದಲೇ ಬಂದದ್ದು. ಹೆಣ್ಣಿಗೆ ಆಸ್ತಿಯ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ಲನ್ನು ತಡೆದಾಗ ಬಾಬಾಸಾಹೇಬರು 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟು ಬಂದರು. ಗೋಡೆಗೆ ಅವರ ಫೋಟೋ ಹಾಕಿ, ಅದೇ ಗೋಡೆಯಲ್ಲಿ ಅವ್ವನ ಪಾಲು ಇಲ್ಲ ಅನ್ನುವುದು ಯಾವ ನ್ಯಾಯ? ಮೇಲಿನ ಓಣಿಯವರನ್ನು ನಾವು ಕೇಳುವ ಪ್ರಶ್ನೆಯನ್ನು ಮೊದಲು ನಮ್ಮ ಅಣ್ಣತಮ್ಮಂದಿರಿಗೆ ಕೇಳೋಣ.

ನಮ್ಮನ್ನು ಹಾಸ್ಟೆಲಿಗೆ ಕಳಿಸಲು ಕಂಡವರ ಹೊಲದಲ್ಲಿ ಕಳೆ ತೆಗೆದವರು ಇವರೇ. ಬರುವ ಸಭೆಗೆ ಭಾಷಣ ಬೇಡ. ಒಬ್ಬೊಬ್ಬರೂ ನಿಮ್ಮ ಓಣಿಯ ಪಟ್ಟಿ ಹಿಡಿದು ಬನ್ನಿ. ಒಟ್ಟಿಗೆ ಕೂತು ಅರ್ಜಿ ಬರೆಯೋಣ.

ಜೈ ಭೀಮ್.