ಅರ್ಧ ಲೀಟರ್ ಹಾಲಿನ ಲೆಕ್ಕ

(ಬೆಳ್ಳಿ ಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಆಗಲೇ ವಿವರಿಸಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ., ದೊಡ್ಡ ಭಾಷಣ ನಮಗೆ ಬರೋದಿಲ್ಲ. ಆಡಳಿತ ಮಂಡಳಿಯಲ್ಲಿ ಪದೇ ಪದೇ ಏಳುವ ಒಂದು ಪ್ರಶ್ನೆಯನ್ನು ಮಾತ್ರ ತಮ್ಮ ಮುಂದೆ ಇಡುತ್ತೇವೆ. ಅರ್ಧ ಲೀಟರ್, ಮುಕ್ಕಾಲು ಲೀಟರ್ ಹಾಕುವವರಿಂದ ಸಂಘಕ್ಕೆ ಏನು ಲಾಭ? ಒಂದು ಲೀಟರಿಗಿಂತ ಕಡಿಮೆ ಇದ್ದರೆ ತಗೋಬಾರದು ಅಂತ ಕೆಲವರು ಹೇಳ್ತಾರೆ.

ಅವರ ಲೆಕ್ಕ ಸುಳ್ಳಲ್ಲ. ಇಪ್ಪತ್ತು ಲೀಟರ್ ತಂದರೂ ಅರ್ಧ ಲೀಟರ್ ತಂದರೂ ಸ್ಯಾಂಪಲ್ ಒಂದೇ, ಪುಸ್ತಕದಲ್ಲಿ ಸಾಲು ಒಂದೇ. ಹಿಂದೆ ಗರ್ಬರ್ ಪರೀಕ್ಷೆಯಲ್ಲಿ ಪ್ರತಿ ಸ್ಯಾಂಪಲ್ಲಿಗೂ 10.75 ಮಿ.ಲೀ. ಹಾಲಿಗೆ 10 ಮಿ.ಲೀ. ಗಂಧಕಾಮ್ಲ, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಸುರಿಯಬೇಕಿತ್ತು. ಬಡವರ ಹಾಲು ಅಂತ ಆಸಿಡ್ ಕಡಿಮೆ ಹಾಕಕ್ಕಾಗುತ್ತಾ? ಈಗ ಮಿಷನ್ ಬಂದಿದೆ, ಆದರೂ ತೊಳೆಯಬೇಕು, ಕರೆಂಟ್ ಬೇಕು, ಆಳು ನಿಲ್ಲಬೇಕು. ಸಂಘಕ್ಕೆ ಮಾರ್ಜಿನ್ ಸಿಗುವುದು ಮಾತ್ರ ಲೀಟರ್ ಮೇಲೆ.

ಲಾಭವಿಲ್ಲದ ಗಿರಾಕಿಯನ್ನು ವ್ಯಾಪಾರಸ್ಥರು ಬಾಯಿಬಿಟ್ಟು ಬೇಡ ಅನ್ನೋದಿಲ್ಲ. ಕಾಯಿಸುತ್ತಾರೆ, ಚಿಲ್ಲರೆ ಇಲ್ಲ ಅನ್ನುತ್ತಾರೆ, ದಂಡ ಹಾಕುತ್ತಾರೆ, ತಾನಾಗಿಯೇ ಹೋಗಲಿ ಅಂತ. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಂಥ ದೊಡ್ಡ ಬ್ಯಾಂಕೇ ಉಳಿತಾಯ ಖಾತೆಯಲ್ಲಿ ಕನಿಷ್ಠ ಹಣ ಇಡದವರಿಗೆ 2017ರ ಏಪ್ರಿಲ್‌ನಿಂದ ದಂಡ ಹಾಕತೊಡಗಿ, 2020ರ ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟಿತು. ಖಾಸಗಿ ಹಾಲಿನ ವ್ಯಾನು ದೊಡ್ಡ ಕ್ಯಾನಿನ ಮನೆ ಮುಂದೆ ನಿಲ್ಲುತ್ತದೆ, ಒಳಗಿನ ಬೀದಿಗೆ ಬರೋದಿಲ್ಲ. ಡೀಸೆಲ್ ಖರ್ಚು ಅವರಿಗೂ ಇದೆ, ಬೈದು ಪ್ರಯೋಜನ ಇಲ್ಲ.

ಆದರೆ ಈ ಅರ್ಧ ಲೀಟರಿನವರು ಯಾರು ಅಂತ ಸ್ವಲ್ಪ ನೋಡಬೇಕು. ಸೀಮೆ ಹಸು ಕರು ಹಾಕಿದ ಒಂದೂವರೆ ಎರಡು ತಿಂಗಳಿಗೆ ಹಾಲು ಏರುತ್ತದೆ, ಆಮೇಲೆ ಇಳಿಯುತ್ತಾ ಬರುತ್ತದೆ. ಮುಂದಿನ ಕರುವಿಗೆ ಎರಡು ತಿಂಗಳು ಮುಂಚೆ ಬತ್ತಿಸಬೇಕು. ನಾಲ್ಕು ಹಸು ಇರುವವರಿಗೆ ಇದು ಗೊತ್ತಾಗೋದೇ ಇಲ್ಲ. ಒಂದೇ ಹಸು ಇರುವ ಮನೆಯವರು ಶ್ರಾವಣದಲ್ಲಿ ಎಂಟು ಲೀಟರ್ ಹಾಕಿ, ಯುಗಾದಿ ಹೊತ್ತಿಗೆ ಚೊಂಬಿನಲ್ಲಿ ತರುತ್ತಾರೆ. ಪುಸ್ತಕದಲ್ಲಿ ನಂಬರು ಅದೇ, ಹಸೂನೂ ಅದೇ. ಯುಗಾದಿಗೆ ವಾಪಸ್ ಕಳಿಸಿದರೆ ಮತ್ತೆ ಕರು ಹಾಕಿದಾಗ ಅವರು ನಮ್ಮ ಬಾಗಿಲಿಗೆ ಯಾಕೆ ಬರಬೇಕು? ಮುಂಗಡ ಕೊಟ್ಟು ಹಸುವನ್ನೇ ಕಟ್ಟಿಹಾಕುವವರು ಕಾಯ್ತಾ ಇರ್ತಾರೆ.

ನಮ್ಮ ರಾಯಲ್ಪಾಡು ಕಡೆ ಹೊಳೆ ನೀರಿಲ್ಲ, ಬೋರ್‌ವೆಲ್ ನಂಬಿದ ಬದುಕು. ಮಾವು ವರ್ಷಕ್ಕೊಂದು ಸಲ. ಟೊಮೇಟೊ ರೇಟು ದೇವರಿಗೇ ಗೊತ್ತು. ಬಟವಾಡೆ ದುಡ್ಡು ಮಾತ್ರ ತಪ್ಪದೆ ಬರುವುದು, ಅದೂ ಎಷ್ಟೋ ಮನೆಗಳಲ್ಲಿ ಹೆಂಗಸರ ಕೈಗೆ.

ಸಂಘಕ್ಕೆ ನಿಜವಾಗಿ ದುಬಾರಿ ಬೀಳುವವರು ಬೇರೆ ಇದ್ದಾರೆ. ಬೇಸಿಗೆಯಲ್ಲಿ ರೇಟು ಏರಿದಾಗ ಖಾಸಗಿಯವರಿಗೆ ಹಾಕಿ, ಮಳೆ ಬಿದ್ದು ಹಾಲು ಜಾಸ್ತಿಯಾದಾಗ ಕ್ಯಾನು ತುಂಬಿಕೊಂಡು ಇಲ್ಲಿಗೆ ಬರುವವರು. 2020ರ ಲಾಕ್‌ಡೌನ್‌ನಲ್ಲಿ ಹೋಟೆಲು ಮುಚ್ಚಿ ಹಾಲಿಗೆ ಗಿರಾಕಿ ಇಲ್ಲದಾಗಲೂ ನಂದಿನಿ ವ್ಯವಸ್ಥೆ ಹಾಲು ಕೊಂಡಿತು, ಸರ್ಕಾರ ಅದರಲ್ಲಿ ಬಡವರಿಗೆ ಉಚಿತವಾಗಿ ಹಂಚಿತು. ಅದನ್ನು ಅವರು ಮರೆಯಬಾರದು. ಇನ್ನೊಂದು, ಒಂದೇ ಮನೆಯ ಹಾಲನ್ನು ಸಂಘದ ಎಲೆಕ್ಷನ್ ಓಟಿಗಾಗಿ ಎರಡು ನಂಬರಿಗೆ ಹಂಚಿ ಹಾಕೋದು. ಅಲ್ಲಿ ಎರಡು ಸ್ಯಾಂಪಲ್ ದಂಡ. ನಗಬೇಡಿ, ಇಲ್ಲೇ ಕೂತಿದ್ದಾರೆ!

ಖರ್ಚು ಇದ್ದೇ ಇದೆ. ಅದು ಕೊನೆಗೆ ಎಲ್ಲರ ಬೋನಸ್ಸಿನಿಂದ ಹೋಗುತ್ತದೆ, ಹೆಚ್ಚು ಹಾಲು ಹಾಕುವವರಿಗೆ ಹೆಚ್ಚು ಹೊರೆ. ಇದನ್ನು ಮುಚ್ಚಿಟ್ಟು ಮಾತಾಡಬಾರದು. ಆದ್ದರಿಂದ ನಮ್ಮ ಸಲಹೆ ಇಷ್ಟು: ಕನಿಷ್ಠ ಲೀಟರ್ ಮಿತಿ ಬೇಡ, ಸ್ಯಾಂಪಲ್ಲಿಗೆ ಶುಲ್ಕವೂ ಬೇಡ. ಚೊಂಬಿನವರು ಡೈರಿ ಬಾಗಿಲು ತೆಗೆದ ಮೊದಲ ಅರ್ಧ ಗಂಟೆಯಲ್ಲೇ ಬಂದು ಹಾಕಲಿ. ಕೊನೆಯಲ್ಲಿ ಓಡಿ ಬಂದರೆ ಎಲ್ಲರ ಹಾಲೂ ಕಾಯಬೇಕಾಗುತ್ತದೆ. ಒಂದು ಮನೆಗೆ ಎರಡು ನಂಬರಿನ ವಿಚಾರವನ್ನು ಮುಂದಿನ ಸಭೆಯ ಅಜೆಂಡಾದಲ್ಲಿ ಸೇರಿಸಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇವೆ.