ಹಿರಿಯರ ಸೇವೆ: ಮನೆಯೊಳಗೆ ಕಲಿಯಬೇಕಾದ ವಿದ್ಯೆ



 ಈ ಸಮ್ಮೇಳನದ ಅಧ್ಯಕ್ಷನಾಗಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಹಿರಿಯರ ಸೇವೆಯನ್ನು ನಮ್ಮ ಸಮಾಜಕಾರ್ಯದ ವಿದ್ಯಾರ್ಥಿಗಳು ಹಿರಿಯರ ಮನೆಗಳಲ್ಲೇ ಕಲಿಯಬೇಕು. ಹಿರಿಯರ ಜೊತೆಗೆ ಅವರನ್ನು ನೋಡಿಕೊಳ್ಳುವವರ ಕಷ್ಟವನ್ನೂ ಅರಿಯಬೇಕು.

2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚು ಜನ ಅರವತ್ತು ದಾಟಿದ್ದರು. ನಮ್ಮ ಬೀದರ ಜಿಲ್ಲೆಯ ದುಡಿಯುವ ಮಕ್ಕಳು ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರು ಸೇರುತ್ತಿದ್ದಾರೆ. ಔರಾದ ಕಡೆಯ ಎಷ್ಟೋ ಹಳ್ಳಿ, ತಾಂಡಾಗಳಲ್ಲಿ ಮನೆ ಕಾಯುವವರು ಮುತ್ಯಾ, ಆಯಿ ಮತ್ತು ಮೊಮ್ಮಕ್ಕಳು. ಮಗ ಹಣ ಕಳಿಸುತ್ತಾನೆ, ಫೋನು ಮಾಡುತ್ತಾನೆ. ಆದರೆ ರಾತ್ರಿ ಎದೆ ನೋವು ಬಂದರೆ ಆಸ್ಪತ್ರೆಗೆ ಒಯ್ಯುವವರು ಯಾರು ಎಂಬ ಪ್ರಶ್ನೆಗೆ ಆ ಮನೆಯಲ್ಲಿ ಉತ್ತರವಿಲ್ಲ.

ಇಂಥ ಮನೆಗಳಲ್ಲಿ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ ಭಾಷೆಯದು. ಇಂದು ಎಂಬತ್ತು ದಾಟಿದ ನಮ್ಮ ಹಿರಿಯರು ನಿಜಾಮರ ಆಳ್ವಿಕೆಯಲ್ಲಿ ಹುಟ್ಟಿದವರು. 1948ರಲ್ಲಿ ಆ ಆಳ್ವಿಕೆ ಮುಗಿಯಿತು, 1956ರಲ್ಲಿ ಬೀದರ ಕನ್ನಡ ರಾಜ್ಯಕ್ಕೆ ಸೇರಿತು. ಭಾಲ್ಕಿ ಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಬೇಕಾಗಿದ್ದದ್ದು ನಿಜಾಮರ ಆ ಕಾಲದಲ್ಲೇ. ಹಾಗಾಗಿ ಮನೆಮಾತು ಮರಾಠಿ ಅಥವಾ ಲಂಬಾಣಿ, ಹೊಲದ ಹಳೆಯ ಕಾಗದ ಉರ್ದುವಿನಲ್ಲಿ, ಕಚೇರಿಯ ನೋಟಿಸು ಕನ್ನಡದಲ್ಲಿ ಇರುವ ಹಿರಿಯರು ನಮ್ಮ ಗಡಿ ಜಿಲ್ಲೆಯಲ್ಲಿದ್ದಾರೆ. ಅವರ ನೋವನ್ನು ಅವರ ಮಾತಿನಲ್ಲೇ ಕೇಳಿಸಿಕೊಳ್ಳಲಾರದ ವಿದ್ಯಾರ್ಥಿ ಅರ್ಜಿ ತುಂಬಬಲ್ಲನೇ ಹೊರತು ಆಸರೆಯಾಗಲಾರ.

ಎರಡನೆಯದು ಕಾನೂನು ಮತ್ತು ಕಚೇರಿಯ ತಿಳಿವಳಿಕೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ದೂರು ಕೊಡಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ, ಹಿಂಪಡೆಯಲು ಅದರ 23ನೇ ಕಲಮು ದಾರಿ ಮಾಡಿದೆ. ಆದರೆ ಔರಾದದವರು ಇದಕ್ಕಾಗಿ ಬೀದರಕ್ಕೆ, ಭಾಲ್ಕಿಯವರು ಬಸವಕಲ್ಯಾಣಕ್ಕೆ ಹೋಗಬೇಕು. ಕೋಲೂರಿ ನಡೆಯುವ ತಾಯಿಗೆ ಅದು ಸಣ್ಣ ದಾರಿಯಲ್ಲ. ಮಗನ ಮೇಲೆ ದೂರು ಬರೆಸುವುದಂತೂ ಇನ್ನೂ ಕಠಿಣ. ವಿಚಾರಣೆಗೆ ಮುನ್ನ ರಾಜಿ ಸಂಧಾನಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ತಾಯಿಯ ಹಕ್ಕನ್ನು ಬಿಟ್ಟುಕೊಡದೆ ಮನೆಯನ್ನು ಉಳಿಸುವ ಆ ಸಂಧಾನವೇ ಸಮಾಜಕಾರ್ಯಕರ್ತರ ನಿಜವಾದ ಕೆಲಸ. ಅದನ್ನು ನಾವು ತರಗತಿಯಲ್ಲಿ ಅಭ್ಯಾಸ ಮಾಡಿಸುತ್ತಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಯ ಹಣ ನಿಂತರೆ ಏಕೆ ನಿಂತಿತು, ಆಧಾರ್ ಜೋಡಣೆಯಲ್ಲಿ ತೊಡಕೇ, ದುಡಿದು ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯುತ್ತಿಲ್ಲವೇ ಎಂದು ಪತ್ತೆ ಹಚ್ಚುವುದನ್ನೂ ವಿದ್ಯಾರ್ಥಿ ಕಲಿಯಬೇಕು. ಆ ಹಣದಲ್ಲೇ ಎಷ್ಟೋ ಮನೆಗಳ ಔಷಧಿ ಬರುತ್ತದೆ.

ಮೂರನೆಯದು ನೋಡಿಕೊಳ್ಳುವವರ ಕಷ್ಟದ ಅರಿವು, ನನ್ನ ಮನಸ್ಸಿಗೆ ಅತ್ಯಂತ ಹತ್ತಿರದ್ದು. ಲಕವಾ ಹೊಡೆದು ಮಲಗಿದ ಅತ್ತೆಯನ್ನು ಎತ್ತಿ ಕೂರಿಸಿ, ಉಣಿಸಿ, ತೊಳೆದು, ಆಮೇಲೆ ಕೂಲಿಗೆ ಹೋಗುವ ಸೊಸೆಯನ್ನು ನೆನೆಯಿರಿ. ಅವಳಿಗೆ ರಜೆಯಿಲ್ಲ, ಯಾವ ಕಡತದಲ್ಲೂ ಅವಳ ಹೆಸರಿಲ್ಲ. ಅವಳು ಒಮ್ಮೆ ಗದರಿದರೆ ಊರು ಅವಳನ್ನು ದೂರುತ್ತದೆ. ಮರೆವಿನ ಕಾಯಿಲೆಯ ಮಾವನನ್ನು ಅರಳು ಮರಳು ಎಂದು ಬಿಟ್ಟುಬಿಡುವ ಮನೆಗಳಲ್ಲಿ ಬಹಳಷ್ಟು ಕಡೆ ಇರುವುದು ಕ್ರೌರ್ಯವಲ್ಲ, ತಿಳಿವಳಿಕೆಯ ಕೊರತೆ. ಮಲಗಿದವರಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ತೋರಿಸಿಕೊಡಿ, ಸೊಸೆಗೆ ವಾರಕ್ಕೊಂದು ಮಧ್ಯಾಹ್ನ ಬಿಡುವು ಸಿಗುವಂತೆ ಓಣಿಯವರನ್ನು ಒಪ್ಪಿಸಿ. ಅತ್ತೆಯ ಆರೋಗ್ಯ ಸೊಸೆಯ ಆರೋಗ್ಯದ ಮೇಲೆ ನಿಂತಿದೆ.

ನಿಂದನೆ ನಡೆಯುವ ಮನೆಗಳೂ ಇವೆ. ಅಲ್ಲಿ ಮೌನ ತಪ್ಪು. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಪ್ರತಿ ವಿದ್ಯಾರ್ಥಿಯ ನಾಲಿಗೆಯ ಮೇಲಿರಬೇಕು.

ನಮ್ಮ ಕಾಲೇಜುಗಳ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಸಮಾಜಕಾರ್ಯ ಸ್ನಾತಕೋತ್ತರ ಪದವಿಯ ಪ್ರತಿ ವಿದ್ಯಾರ್ಥಿ ಕ್ಷೇತ್ರಕಾರ್ಯದಲ್ಲಿ ಹಿರಿಯರಿರುವ ಒಂದೇ ಕುಟುಂಬದ ಜೊತೆ ಇಡೀ ವರ್ಷ ಇರಲಿ. ಮೂರು ಭೇಟಿಯ ವರದಿಯಿಂದ ಯಾರ ಬದುಕೂ ಅರ್ಥವಾಗದು. ಅಂಗವಿಕಲರಿಗಾಗಿ ಗ್ರಾಮ ಪಂಚಾಯತಿಯಲ್ಲಿರುವ ಪುನರ್ವಸತಿ ಕಾರ್ಯಕರ್ತರು ಹಾಗೂ ಆಶಾ ಕಾರ್ಯಕರ್ತೆಯರು ತರಗತಿಗೆ ಬಂದು ಪಾಠ ಹೇಳಲಿ. ಬೀದರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಹಾಗೂ ತಾಲ್ಲೂಕು ಆಸ್ಪತ್ರೆಗಳ ವೈದ್ಯರ ಕೈಕೆಳಗೆ ವಿದ್ಯಾರ್ಥಿಗಳು ಹಿರಿಯ ರೋಗಿಗಳ ಆರೈಕೆಯನ್ನು ಕಣ್ಣಾರೆ ಕಂಡು ಕಲಿಯಲಿ.

ಕಾಯಕ, ದಾಸೋಹಗಳನ್ನು ಬದುಕಾಗಿಸಿದ ಶರಣರ ನೆಲವಿದು. ವಿದ್ಯಾರ್ಥಿ ಮಿತ್ರರೆ, ಈ ವಾರವೇ ನಿಮ್ಮ ಓಣಿಯ ಒಬ್ಬ ಹಿರಿಯರ ಮನೆಗೆ ಹೋಗಿ. ಅವರ ಮಾತು ಕೇಳಿ, ಅವರನ್ನು ನೋಡಿಕೊಳ್ಳುವವರ ಮಾತನ್ನೂ ಕೇಳಿ. ಮತ್ತೆ ಬರುತ್ತೇನೆ ಎಂದು ಹೇಳಿದರೆ ತಪ್ಪದೆ ಹೋಗಿ. ನಿಮ್ಮ ಪದವಿಗೆ ಬೆಲೆ ಬರುವುದು ಆ ಮನೆಗಳಲ್ಲಿ.