ಶ್ರಾವಿಕೆಯರ ನಡೆ-ನುಡಿಯ ಸೊಬಗು
(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)

  

ಮಹಿಳಾ ಗೋಷ್ಠಿಯಲ್ಲಿ ಮಾತನಾಡಲು ಬಟ್ಟೆ ವ್ಯಾಪಾರಿಯೊಬ್ಬನನ್ನು ಏಕೆ ಕರೆದರೆಂದು ತಾವು ಯೋಚಿಸುತ್ತಿರಬಹುದು. ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿದೊಡನೆ ತಂದೆಯವರ ಅಂಗಡಿಯ ಗಾದಿಯ ಮೇಲೆ ಕುಳಿತವನು. ‘ದೈನಂದಿನ ಜೀವನದಲ್ಲಿ ಸ್ತ್ರೀಯರ ಸೊಬಗು, ಗಾಂಭೀರ್ಯ ಹಾಗೂ ಸದ್ವರ್ತನೆ’ ಎಂಬ ವಿಷಯವನ್ನು ಮಹೋತ್ಸವ ಸಮಿತಿಯವರು ನನಗೆ ವಹಿಸಿದರು. ಸೀರೆ ಮಾರುವವನಿಗೆ ಸೊಬಗಿನ ಮರ್ಮ ತಿಳಿದಿರಬೇಕೆಂದು ಅವರು ಭಾವಿಸಿರಬೇಕು. ಆದರೆ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಆ ಗಾದಿಯ ಮೇಲೆ ಕುಳಿತು ನಾನು ಕಂಡುಕೊಂಡದ್ದೆಂದರೆ, ಸೊಬಗು ಸೀರೆಯೊಡನೆ ಮಾರಾಟವಾಗುವ ವಸ್ತುವಲ್ಲ. ಐವತ್ತು ಸೀರೆಗಳನ್ನು ಇಳಿಸಿ, ಬಿಡಿಸಿ ನೋಡಿ, ಕೆಲಸದ ಹುಡುಗನ ಮುಖವನ್ನೂ ನೋಡದೆ ಎದ್ದು ಹೋಗುವವರುಂಟು. ಅವರ ಕೊರಳ ತುಂಬ ಚಿನ್ನವಿರುತ್ತದೆ. ಸಾಧಾರಣ ನೂಲಿನ ಸೀರೆಯುಟ್ಟು ಬಂದು, ನಾಲ್ಕೇ ಸೀರೆಗಳನ್ನು ನೋಡಿ, ಬೇಡವಾದುದರ ಮಡಿಕೆಯನ್ನು ತಾವೇ ಸರಿಪಡಿಸಿ, ‘ನಿನಗೆ ಶ್ರಮ ಕೊಟ್ಟೆವಪ್ಪಾ’ ಎಂದು ಹೇಳಿ ಹೋಗುವವರೂ ಉಂಟು. ಇವರು ಏನನ್ನೂ ಕೊಳ್ಳದಿದ್ದರೂ ಆ ಹುಡುಗ ಬಾಗಿಲವರೆಗೆ ಹೋಗಿ ಬೀಳ್ಕೊಟ್ಟು ಬರುತ್ತಾನೆ. ಹಾಗೆ ಮಾಡೆಂದು ನಾನು ಹೇಳಿಕೊಟ್ಟದ್ದಲ್ಲ.

ಇದನ್ನು ಏನೆಂದು ಕರೆಯೋಣ? ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಒಪ್ಪುವ ಹೆಸರೊಂದಿದೆ: ಸಮಿತಿ. ಸಮಿತಿ ಎಂದೊಡನೆ ನಮಗೆ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ನೆನಪಾಗುತ್ತಾರೆ. ಚಂದಾ ಪುಸ್ತಕವೂ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಅದಲ್ಲ. ಈರ್ಯಾ, ಭಾಷಾ, ಏಷಣಾ, ಆದಾನ-ನಿಕ್ಷೇಪಣ, ಉತ್ಸರ್ಗ ಎಂಬ ಐದು ಸಮಿತಿಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ. ನಡೆಯುವಾಗ, ನುಡಿಯುವಾಗ, ಆಹಾರ ಸ್ವೀಕರಿಸುವಾಗ, ವಸ್ತುವನ್ನು ಎತ್ತಿಡುವಾಗ, ಮಲಮೂತ್ರಾದಿಗಳನ್ನು ವಿಸರ್ಜಿಸುವಾಗ ಯಾವ ಜೀವಕ್ಕೂ ನೋವಾಗದಂತೆ ವಹಿಸುವ ಎಚ್ಚರವೇ ಸಮಿತಿ. ಪೂರ್ಣರೂಪದಲ್ಲಿ ಇದು ಮಹಾವ್ರತಿಗಳ ಆಚರಣೆ. ಗೃಹಸ್ಥರಾದ ನಾವು ನಮ್ಮ ಶಕ್ತ್ಯನುಸಾರ ಅದರ ನೆರಳಿನಲ್ಲಾದರೂ ನಡೆಯಬಹುದು. ಲಾವಣ್ಯ, ಗಾಂಭೀರ್ಯ ಎಂದು ಲೋಕ ಹೊಗಳುವುದನ್ನು ಬಿಡಿಸಿ ನೋಡಿದರೆ ಒಳಗೆ ಸಿಗುವುದು ಈ ಎಚ್ಚರವೇ ಎಂಬುದು ನನ್ನ ಅಭಿಪ್ರಾಯ.

‘ಹೆಣ್ಣು ನೆಲ ನೋಡಿ ನಡೆಯಬೇಕು’ ಎಂಬ ಮಾತು ನಮ್ಮ ಹಿರಿಯರ ಬಾಯಲ್ಲಿ ಬರುತ್ತಲೇ ಇರುತ್ತದೆ. ಮುನಿಗಳೂ ನೆಲ ನೋಡಿಯೇ ನಡೆಯುತ್ತಾರೆ. ಮುಂದಿನ ನಾಲ್ಕು ಮೊಳ ನೆಲವನ್ನು ಪರೀಕ್ಷಿಸಿ ಹೆಜ್ಜೆಯಿಡುತ್ತಾರೆ. ಅವರು ಯಾರಿಗೆ ನಾಚಿಕೊಂಡು ಹಾಗೆ ನಡೆಯುತ್ತಾರೆ? ಯಾರಿಗೂ ಅಲ್ಲ. ಕಾಲ ಕೆಳಗಿನ ಇರುವೆ ಸಾಯದಿರಲಿ ಎಂದು. ಹಾಗಿದ್ದ ಮೇಲೆ ತಗ್ಗಿದ ದೃಷ್ಟಿಯನ್ನು ಭಯದ ಗುರುತಾಗಿ ನಮ್ಮ ಮಗಳಿಗೆ ಕಲಿಸುವುದು ಯಾವ ಧರ್ಮ? ನೆಲ ನೋಡಬೇಕಾದಾಗ ನೆಲ ನೋಡಲಿ. ಎದುರಿಗೆ ನಿಂತವರೊಡನೆ ಮಾತನಾಡುವಾಗ ಅವರ ಮುಖವನ್ನೇ ನೋಡಿ ಮಾತನಾಡಲಿ. ಅದರಿಂದ ಗಾಂಭೀರ್ಯಕ್ಕೆ ಕುಂದಿಲ್ಲ.

ಭಾಷಾಸಮಿತಿಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಲು ತಮ್ಮ ಅನುಮತಿ ಬೇಡುತ್ತೇನೆ. ಹಿತ, ಮಿತ, ಪ್ರಿಯವಾದ ಮಾತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹೆಣ್ಣುಮಕ್ಕಳ ಪಾಲಿಗೆ ಮಾತ್ರ ‘ಮಿತ’ವೊಂದನ್ನೇ ಉಳಿಸಿ, ಅದನ್ನೂ ‘ಮೌನ’ವೆಂದು ತಿದ್ದಿಬಿಟ್ಟಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಬಂಧುವರ್ಗದ ಮನೆಯೊಂದರಲ್ಲಿ ವಧುಪರೀಕ್ಷೆ ನಡೆಯಿತು. ನಾನೂ ಹೋಗಿದ್ದೆ. ಹುಡುಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದರು, ಸ್ತುತಿಯೊಂದನ್ನು ಹಾಡಿಸಿದರು. ಆಮೇಲೆ ಚಿನ್ನದ ಮಾತು ಬಂದಿತು. ತಂದೆ ತಲೆ ತಗ್ಗಿಸಿ ಕುಳಿತಿದ್ದರು. ಆಗ ಆ ಹುಡುಗಿ ಹಣ್ಣಿನ ತಟ್ಟೆಯನ್ನು ಸದ್ದಿಲ್ಲದೆ ಕೆಳಗಿಟ್ಟು, ಕೈಮುಗಿದು, ‘ಹಿರಿಯರು ಕ್ಷಮಿಸಬೇಕು. ನಮ್ಮ ತಂದೆಯವರು ಸಾಲ ಮಾಡಿ ನನ್ನನ್ನು ಬಿ.ಕಾಂ. ಓದಿಸಿದ್ದಾರೆ. ಅವರು ಇನ್ನೊಂದು ಸಾಲ ಮಾಡುವುದು ನನಗೆ ಒಪ್ಪಿಗೆಯಿಲ್ಲ. ತಾವು ಊಟ ಮಾಡಿಕೊಂಡೇ ಹೋಗಬೇಕು’ ಎಂದಳು. ಧ್ವನಿ ಏರಲಿಲ್ಲ; ಒಂದು ಪದ ಹೆಚ್ಚಾಗಲಿಲ್ಲ. ಬಂದವರು ಎದ್ದು ಹೊರಟರು. ‘ಹುಡುಗಿಗೆ ಗಾಂಭೀರ್ಯ ಸಾಲದು’ ಎಂಬ ಮಾತು ನಮ್ಮ ಸಮಾಜದಲ್ಲಿ ತಿಂಗಳುಗಟ್ಟಲೆ ಓಡಾಡಿತು. ಬೇರೆ ಎರಡು ಸಂಬಂಧಗಳೂ ಆ ಮಾತಿನಿಂದಲೇ ತಪ್ಪಿದವು.

ಧರ್ಮಬಂಧುಗಳೇ, ಅಂದು ಆ ಕೋಣೆಯಲ್ಲಿ ಹಿತ, ಮಿತ, ಪ್ರಿಯವಾಗಿ ಮಾತನಾಡಿದವಳು ಆಕೆಯೊಬ್ಬಳೇ. ತಂದೆಗೆ ಹಿತ, ಮಾತಿನಲ್ಲಿ ಮಿತ, ಅತಿಥಿಗಳಿಗೆ ಪ್ರಿಯ. ಗಾಂಭೀರ್ಯ ಸಾಲದೆ ಹೋದದ್ದು ಶ್ರೀಮಂತ ಪಂಚೆಗಳನ್ನುಟ್ಟು ಕುಳಿತಿದ್ದವರಿಗೆ. ವರದಕ್ಷಿಣೆ ಕೇಳುವುದು 1961ರ ಕಾನೂನಿನಂತೆ ಅಪರಾಧ. ಅಪರಿಗ್ರಹದ ಹೆಸರು ಹೇಳುವ ಸಮಾಜದಲ್ಲಿ ಅದನ್ನು ಹೇಳಲು ಕಾನೂನಿನ ಪುಸ್ತಕ ಬೇಕೇ? ಇಂದು ಆ ಹುಡುಗಿ ಬ್ಯಾಂಕೊಂದರಲ್ಲಿ ಉದ್ಯೋಗದಲ್ಲಿದ್ದು, ಯೋಗ್ಯ ವರನೊಡನೆ ಸಂಸಾರ ಮಾಡಿಕೊಂಡಿದ್ದಾಳೆ. ಹಾಗಾಗದೆ ಅವಿವಾಹಿತೆಯಾಗಿಯೇ ಉಳಿದಿದ್ದರೂ ಆಕೆಯ ವಿಷಯದಲ್ಲಿ ನನ್ನ ಗೌರವ ಇಷ್ಟೇ ಇರುತ್ತಿತ್ತು.

ಇನ್ನು ಆದಾನ-ನಿಕ್ಷೇಪಣ, ಎತ್ತುವುದು, ಇಡುವುದು. ಇದರಲ್ಲಿ ನಮ್ಮ ತಾಯಂದಿರೇ ನಮಗೆ ಗುರುಗಳು. ನೀರನ್ನು ಸೋಸಿ, ಅರಿವೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಸೇದಿದ ಬಾವಿಗೇ ಮೆಲ್ಲನೆ ಮರಳಿಸುತ್ತಿದ್ದ ಕೈಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಒಲೆಗೆ ಸೌದೆಯಿಡುವ ಮುನ್ನ ಅದನ್ನು ತಟ್ಟಿ ಕೊಡವುತ್ತಿದ್ದರು. ಧಾನ್ಯವನ್ನು ಬೆಳಕಿನಲ್ಲಿ ಕೂತು ಆರಿಸುತ್ತಿದ್ದರು. ಆ ಕೈಗಳಿಗೆ ಯಾವ ಶಾಲೆಯಲ್ಲೂ ನಯ ಕಲಿಸಿರಲಿಲ್ಲ. ಜೀವದಯೆಯೇ ನಯವಾಗಿ ಬೆರಳಿಗೆ ಇಳಿದಿತ್ತು. ಈಗ ನಲ್ಲಿಯ ನೀರು, ಅನಿಲದ ಒಲೆ ಬಂದಿವೆ. ಒಳ್ಳೆಯದೇ ಆಯಿತು, ಅವರ ಬೆನ್ನು ಸ್ವಲ್ಪ ವಿಶ್ರಾಂತಿ ಪಡೆಯಿತು. ಆದರೆ ಬಾಗಿಲನ್ನು ಧಡಾರನೆ ಮುಚ್ಚುವುದು, ಬಸದಿಯಲ್ಲಿ ಅಭಿಷೇಕ ನಡೆಯುವಾಗ ಮೊಬೈಲ್ ಹಿಡಿದು ಮುಂದಿನವರ ಭುಜದ ಮೇಲೆ ಕೈ ಚಾಚುವುದು, ಇವುಗಳಿಗೆ ನಲ್ಲಿಯನ್ನಾಗಲಿ ಒಲೆಯನ್ನಾಗಲಿ ಕಾರಣವೆನ್ನಲಾಗದು. ಕಳೆದ ಎರಡು ದಿನಗಳಿಂದ ಇದನ್ನು ಮಾಡುತ್ತಿರುವವರಲ್ಲಿ ಗಂಡಸರೇ ಹೆಚ್ಚೆಂಬುದನ್ನೂ ನಿವೇದಿಸುತ್ತೇನೆ.

ರೂಪದ ವಿಷಯ ಒಂದೇ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಎಂಟು ಮದಗಳಲ್ಲಿ ಶರೀರದ ಮದವೂ ಒಂದು. ಆದ್ದರಿಂದ ಅಂದವಾಗಿ ಉಡುವುದು ತಪ್ಪಲ್ಲ, ಉಟ್ಟದ್ದು ತಲೆಗೇರಬಾರದು. ಸೀರೆ ವ್ಯಾಪಾರಿಯ ಬಾಯಿಂದ ಇದಕ್ಕಿಂತ ಹೆಚ್ಚಿನ ವೈರಾಗ್ಯವನ್ನು ತಾವು ನಿರೀಕ್ಷಿಸಲಾರಿರಿ.

ವಿನಯವಂತೆಯಾದ ಸ್ತ್ರೀ ಎಂದರೆ ಮನೆಯ ಮೂಲೆಯಲ್ಲಿ ಕಾಣದಂತೆ ಇರುವವಳು ಎಂದು ತಿಳಿದವರು ನಮ್ಮ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಬೇಕು. ಆದಿನಾಥ ಸ್ವಾಮಿಯು ಬ್ರಾಹ್ಮಿಗೆ ಅಕ್ಷರವನ್ನೂ ಸೌಂದರಿಗೆ ಅಂಕವನ್ನೂ ಕಲಿಸಿದನೆಂದು ಪುರಾಣ ಹೇಳುತ್ತದೆ. ಅಡುಗೆಮನೆಯ ಮರ್ಯಾದೆಯನ್ನು ಮಾತ್ರ ಕಲಿಸಿ ಕೈತೊಳೆದುಕೊಳ್ಳಲಿಲ್ಲ. ಹೊಯ್ಸಳ ರಾಣಿ ಶಾಂತಲೆ ಸಂಗೀತ ನೃತ್ಯಗಳಲ್ಲಿ ಪ್ರವೀಣೆ. ಆಕೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಸವತಿಗಂಧವಾರಣ ಎಂದು ಹೆಸರು. ಸವತಿಯರ ಪಾಲಿಗೆ ಮದ್ದಾನೆ ಎಂಬ ಆ ಬಿರುದು ಅಷ್ಟೇನೂ ಮೃದುವಾದುದಲ್ಲವೆಂಬುದನ್ನು ತಾವೂ ಒಪ್ಪುವಿರಿ!

ದಾನಚಿಂತಾಮಣಿ ಅತ್ತಿಮಬ್ಬೆಯ ಬಳಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ. ಮಲ್ಲಪನ ಮಗಳು, ನಾಗದೇವನ ಮಡದಿ. ಪತಿ ಅಕಾಲದಲ್ಲಿ ತೀರಿಕೊಂಡಾಗ ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕಿ ಉಳಿದಳು. ಮಗ ಅಣ್ಣಿಗದೇವನನ್ನು ಬೆಳೆಸಿದಳು. ವ್ರತ ನಿಯಮಗಳಿಂದ ದೇಹ ದಂಡಿಸುತ್ತ, ಒಂದು ಕಾಲದ ಸಾಹಿತ್ಯವನ್ನೇ ಕೈಹಿಡಿದು ನಡೆಸಿದಳು. ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದ್ದು ಆಕೆಯ ಆಶ್ರಯದಲ್ಲಿ. ಪೊನ್ನನ ಶಾಂತಿಪುರಾಣ ನಶಿಸಿಹೋಗದಿರಲೆಂದು ಅದರ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರು, ಎಷ್ಟು ಓಲೆ, ಎಷ್ಟು ದಿನಗಳ ಅನ್ನ ಎಂಬ ಲೆಕ್ಕವನ್ನು ಒಬ್ಬ ವ್ಯಾಪಾರಿಯಾಗಿ ನಾನು ಹಾಕಲು ಹೋಗಿ ಕೈಬಿಟ್ಟಿದ್ದೇನೆ. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯ, 1007ರ ಶಾಸನದೊಡನೆ, ಇಂದಿಗೂ ನಿಂತಿದೆ. ಆ ಕೆಲಸವೆಲ್ಲ ಕೋಣೆಯ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತು ಆದದ್ದಲ್ಲ. ಕವಿಗಳೊಡನೆ, ಶಿಲ್ಪಿಗಳೊಡನೆ, ಲೆಕ್ಕ ಬರೆಯುವವರೊಡನೆ ಆಕೆ ಮಾತನಾಡಿರಲೇಬೇಕು, ಬೇಡವೆನ್ನಬೇಕಾದಲ್ಲಿ ಬೇಡವೆಂದಿರಲೇಬೇಕು.

ಕೊನೆಯದಾಗಿ, ಪುರುಷ ಬಂಧುಗಳಿಗೆ ಒಂದು ವಿಜ್ಞಾಪನೆ. ವಿನಯವು ಆರು ಅಭ್ಯಂತರ ತಪಸ್ಸುಗಳಲ್ಲಿ ಎರಡನೆಯದು. ಮಾರ್ದವವು ದಶಲಕ್ಷಣ ಧರ್ಮಗಳಲ್ಲಿ ಎರಡನೆಯದು. ಎರಡರಲ್ಲಿಯೂ ‘ಸ್ತ್ರೀಯರಿಗೆ ಮಾತ್ರ’ ಎಂದು ಆಚಾರ್ಯರು ಬರೆದಿಲ್ಲ. ಹೊರಗೆ ಗಿರಾಕಿಯೊಡನೆ ಸಕ್ಕರೆಯಂತೆ ಮಾತನಾಡಿ, ಮನೆಗೆ ಬಂದು ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ತಳ್ಳುವವನ ಮಗಳಿಗೆ ಸೌಜನ್ಯವನ್ನು ಯಾವ ಗೋಷ್ಠಿಯೂ ಕಲಿಸಲಾರದು. ಆಕೆ ಕಲಿಯುವುದು ಹೆದರಿಕೆಯನ್ನು; ಅದನ್ನೇ ನಾವು ವಿನಯವೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇವೆ.

ಸಮಯ ಮೀರುತ್ತಿದೆಯೆಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಸೂರ್ಯಾಸ್ತಕ್ಕೆ ಮುನ್ನ ಎಲ್ಲರ ಭೋಜನ ಮುಗಿಯಬೇಕಾಗಿದೆ. ನಿನ್ನೆ ಎರಡನೆಯ ಪಂಕ್ತಿಯಲ್ಲಿ ಬಡಿಸುತ್ತ ನಿಂತ ಹದಿನೈದು ಮಂದಿ ತಾಯಂದಿರಿಗೆ ಹೊತ್ತು ಮುಳುಗಿದ್ದರಿಂದ ಊಟವೇ ಸಿಗಲಿಲ್ಲವೆಂದು ತಿಳಿದು ಬಹಳ ವ್ಯಥೆಯಾಯಿತು. ಆದ್ದರಿಂದ ಇಂದು ಮೊದಲ ಪಂಕ್ತಿ ಮಹಿಳೆಯರದು, ಬಡಿಸುವವರು ನಾವು. ಯುವಕ ಮಂಡಲದವರೂ, ವೇದಿಕೆಯ ಮೇಲಿರುವ ಹಿರಿಯರಲ್ಲಿ ಶಕ್ತರಾದವರೂ ದಯವಿಟ್ಟು ಪಾಕಶಾಲೆಯ ಬಳಿ ಬರಬೇಕು. ನಾನು ಈಗಲೇ ಅಲ್ಲಿಗೆ ಹೋಗುತ್ತಿದ್ದೇನೆ. ಜೈ ಜಿನೇಂದ್ರ.